ಯೂನಿಟ್ಟಿನ ಲೆಕ್ಕ, ಕಟ್ಟಿಗೆಯ ಹೊರೆ

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ರಾಜ್ಯದ ಬಹಳಷ್ಟು ಮನೆಗಳಿಗೆ ಬರುವ ಕರೆಂಟ್ ಬಿಲ್ಲಿನಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆ. ಬಡ ಕುಟುಂಬಗಳಿಗೆ ಅದು ದೊಡ್ಡ ಆಸರೆ, ತಕರಾರಿಲ್ಲ. ಆದರೆ ಅದೇ ಬಿಲ್ಲಿನಲ್ಲಿ ಅಚ್ಚಾಗುವ ಯೂನಿಟ್ಟುಗಳ ಸಂಖ್ಯೆಯತ್ತ ಈಗ ಯಾರ ಕಣ್ಣು ಹೋಗುತ್ತದೆ? ಇಂಧನದ ಬಗ್ಗೆ ಏನು ಓದಬೇಕೆಂದು ಕೇಳುವವರಿಗೆ ನಾವು ಮೊದಲು ಸೂಚಿಸುವುದು, ಆ ಸಂಖ್ಯೆಗೆ ಅರ್ಥ ತುಂಬುವ ಒಂದು ಪುಸ್ತಕವನ್ನು.

ಕೇಂಬ್ರಿಜ್‌ನ ಭೌತವಿಜ್ಞಾನಿ ಡೇವಿಡ್ ಮೆಕೇ 2008ರಲ್ಲಿ ‘ಸಸ್ಟೈನಬಲ್ ಎನರ್ಜಿ: ವಿದೌಟ್ ದ ಹಾಟ್ ಏರ್’ ಪ್ರಕಟಿಸಿದರು. ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಲೆಂದು ಬಿಟ್ಟುಕೊಟ್ಟರು. ಪೆಟ್ರೋಲಾಗಲಿ, ಅಡುಗೆಯಾಗಲಿ, ಗಾಳಿಯಂತ್ರವಾಗಲಿ, ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಯೂನಿಟ್ ಎಂಬ ಒಂದೇ ಅಳತೆಗೆ ಎಲ್ಲವನ್ನೂ ತರುತ್ತಾರೆ. ತೊಟ್ಟಿ ತುಂಬಿದ ಬಿಸಿನೀರಿನ ಸ್ನಾನಕ್ಕೆ ಸುಮಾರು 5 ಯೂನಿಟ್. ದಿನಕ್ಕೆ 50 ಕಿ.ಮೀ. ಕಾರು ಓಡಿಸಿದರೆ 40. ಮೊಬೈಲ್ ಚಾರ್ಜರನ್ನು ಇಡೀ ದಿನ ಕಿತ್ತಿಟ್ಟು ಉಳಿಸಿದ್ದು, ಕಾರು ಒಂದು ಸೆಕೆಂಡು ಓಡಿದರೆ ಖಾಲಿ! ಹನಿಗೂಡಿ ಹಳ್ಳ ಎಂಬ ಸಮಾಧಾನವನ್ನು ಮೆಕೇ ಒಪ್ಪುವುದಿಲ್ಲ.

ನಮ್ಮ ಮಿಂಬರ್‌ಗಳಲ್ಲಿ ಇಸ್ರಾಫ್ ಕುರಿತ ಉಪದೇಶಕ್ಕೆ ಬರವಿಲ್ಲ. ಅದು ವುಝೂವಿನ ನಲ್ಲಿ, ಖಾಲಿ ಕೋಣೆಯ ಫ್ಯಾನು, ತಟ್ಟೆಯಲ್ಲಿ ಬಿಟ್ಟ ಅನ್ನದ ಸುತ್ತ ತಿರುಗುತ್ತದೆ. ಸರಿಯೇ. ಆದರೆ ಲಂಡನ್ನಿನಿಂದ ಕೇಪ್‌ಟೌನ್‌ಗೆ ವರ್ಷಕ್ಕೊಮ್ಮೆ ವಿಮಾನದಲ್ಲಿ ಹೋಗಿಬಂದರೆ, ವರ್ಷವಿಡೀ ದಿನಕ್ಕೆ 30 ಯೂನಿಟ್ ಉರಿಸಿದ ಹಾಗೆ ಎಂದು ಈ ಪುಸ್ತಕ ಲೆಕ್ಕ ಕೊಡುತ್ತದೆ. ಜಿದ್ದಾ ನಮಗೆ ಅಷ್ಟು ದೂರವಲ್ಲ, ನಿಜ. ಆದರೂ ಪ್ರತಿವರ್ಷ ನಫಿಲ್ ಉಮ್ರಾಕ್ಕೆ ಹಾರುವ ಅನುಕೂಲಸ್ಥರ ಮುಂದೆ ಈ ಲೆಕ್ಕ ಇಡುವ ಖತೀಬರು ಎಷ್ಟು ಮಂದಿ?

ಮೆಕೇಯವರಲ್ಲಿ ನಮಗೆ ಕೊರತೆ ಕಾಣುವುದು ಅವರ ಸರಾಸರಿಯಲ್ಲಿ. ಅವರ ಸರಾಸರಿ ಬ್ರಿಟಿಷ್ ಪ್ರಜೆ ದಿನಕ್ಕೆ 125 ಯೂನಿಟ್ ಬಳಸುತ್ತಾನೆ. ಅವನ ಮನೆಯಲ್ಲಿ ಕಟ್ಟಿಗೆ ಹೊರುವವರಿಲ್ಲ, ಹೊಗೆಗೆ ಕಣ್ಣೊರೆಸಿಕೊಳ್ಳುವವರಿಲ್ಲ. ಕಟ್ಟಿಗೆಗೆ ಮೀಟರ್ ಎಲ್ಲಿದೆ?

ಹಾಗಾಗಿ ಅದರ ಜೊತೆಗೇ ಅಮೂಲ್ಯ ರೆಡ್ಡಿಯವರನ್ನು ಓದಬೇಕು. 2006ರಲ್ಲಿ ನಿಧನರಾದ ರೆಡ್ಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಕೇಂದ್ರ ಕಟ್ಟಿದವರು. ಕಟ್ಟಿಗೆ ಉಳಿಸುವ ಅಸ್ತ್ರ ಒಲೆಯ ಹೆಸರು ಹಳಬರಿಗೆ ನೆನಪಿರಬಹುದು. ಹೆಂಗಸರು, ಮಕ್ಕಳು ಕಟ್ಟಿಗೆಗೆ, ನೀರಿಗೆ ಕಳೆಯುವ ಗಂಟೆಗಳನ್ನೂ ಅವರು ಶಕ್ತಿಯ ಲೆಕ್ಕಕ್ಕೆ ಸೇರಿಸಿದರು. ಜನರಿಗೆ ಬೇಕಾದದ್ದು ಮೆಗಾವ್ಯಾಟ್ ಅಲ್ಲ, ಬೇಯಿಸಿದ ಅನ್ನ, ಬೆಳಕು, ನೀರು ಎಂಬುದು ಅವರ ನಿಲುವು.

ಅವರ ಬರಹಗಳಲ್ಲಿ ಯಾವುದರಿಂದ ಆರಂಭಿಸಬೇಕು? ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಗೋಬರ್ ಗ್ಯಾಸ್ ಸ್ಥಾವರದ ಕುರಿತ ‘ದ ಬ್ಲೆಸಿಂಗ್ ಆಫ್ ದ ಕಾಮನ್ಸ್’ ಲೇಖನದಿಂದ ಎನ್ನುತ್ತೇವೆ. ಅಲ್ಲಿ ಮೊದಲು ಅಡುಗೆಗೆ ಗ್ಯಾಸ್ ಕೊಡಲು ಹೊರಟರು. ಊರಿನ ಸಗಣಿ ಸಾಲಲಿಲ್ಲ, ಯೋಜನೆ ಬಿತ್ತು. ಆಮೇಲೆ ಊರವರ ಮಾತು ಕೇಳಿದರೆ ಅವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು! 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಬೋರ್‌ವೆಲ್ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಗ್ಯಾಸ್ ತೆಗೆದು ಉಳಿದ ಗೊಬ್ಬರ ಸಗಣಿ ಕೊಟ್ಟವರಿಗೇ ಮರಳುತ್ತಿತ್ತು.

ರೆಡ್ಡಿಯವರ ಇಂಗ್ಲಿಷ್ ಸ್ವಲ್ಪ ಗಡುಸು, ಕೋಷ್ಟಕಗಳು ಬಹಳ. ಬೇಸರವಾದರೆ ಅವನ್ನು ಬಿಟ್ಟು, ಊರವರಿಗೆ ಬೇಕಾದದ್ದೇನು ಎಂದು ಕೇಳಿದ ಭಾಗವನ್ನಾದರೂ ಓದಿ. ಪಂಚಾಯತಿಗೆ ಆರಿಸಿ ಬಂದಿರುವ ಸಹೋದರಿಯರಿಗೆ ಇದನ್ನು ಯಾರಾದರೂ ಕನ್ನಡದಲ್ಲಿ ಓದಿ ಹೇಳಿದರೆ ಇನ್ನೂ ಒಳ್ಳೆಯದು.