ಗಂಟೆಗೊಮ್ಮೆ ನೋಡುವ ಕೆಲಸ

ಅಮೆರಿಕದ ಕೌಂಟಿ ಜೈಲುಗಳು ಕಾವಲು ಸಿಬ್ಬಂದಿ ಬೇಕೆಂದು ಹೊರಡಿಸುವ ಜಾಹೀರಾತುಗಳನ್ನು ಒಂದು ಹತ್ತು ಓದಿದರೆ ಸಾಕು, ಎಲ್ಲವೂ ಒಂದೇ ಅಚ್ಚಿನಿಂದ ಬಿದ್ದವು ಎಂದು ಗೊತ್ತಾಗುತ್ತದೆ. ವಯಸ್ಸು 18 ತುಂಬಿರಬೇಕು, ಕೆಲವೆಡೆ 21. ಹೈಸ್ಕೂಲು ಮುಗಿಸಿರಬೇಕು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿರಕೂಡದು. ಬೆರಳಚ್ಚು ಕೊಡಬೇಕು, ಮಾದಕವಸ್ತು ಪರೀಕ್ಷೆಗೆ ಒಪ್ಪಬೇಕು, ಮನಶ್ಶಾಸ್ತ್ರಜ್ಞರ ಮುಂದೆ ಕೂರಬೇಕು. ಗಂಟೆಗಟ್ಟಲೆ ನಿಲ್ಲುವ ಕಾಲು ಬೇಕು, ಮೆಟ್ಟಿಲು ಹತ್ತುವ ಎದೆ ಬೇಕು, ರಾತ್ರಿಪಾಳಿಗೂ ಹಬ್ಬದ ದಿನಕ್ಕೂ ಒಲ್ಲೆ ಎನ್ನದ ಸಂಸಾರ ಬೇಕು. ಅದರ ಕೆಳಗೆ ಕರ್ತವ್ಯಗಳು: ತಲೆ ಎಣಿಸುವುದು, ಮೈ ತಡಕುವುದು, ಊಟ ಹಂಚುವುದು, ಕೋರ್ಟಿಗೆ ಕರೆದೊಯ್ಯುವುದು, ವರದಿ ಬರೆಯುವುದು, ಕೊನೆಯಲ್ಲಿ ತಪ್ಪದೆ ‘ಮೇಲಧಿಕಾರಿ ಹೇಳಿದ ಇತರ ಕೆಲಸಗಳು’.

ಈ ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ನನ್ನ ತಕರಾರು ಅದರ ತೂಕದ ಬಗ್ಗೆ. ಆ ಹುದ್ದೆಯ ಪ್ರಾಣ ಎನ್ನಬಹುದಾದ ಒಂದು ಕೆಲಸ ಇದೆ: ಗಂಟೆಗೊಮ್ಮೆ ಬಾಗಿಲ ಬಳಿ ಹೋಗಿ ಒಳಗಿರುವವನನ್ನು ನೋಡುವುದು. ಪಟ್ಟಿಯಲ್ಲಿ ಅದು ಊಟದ ತಟ್ಟೆಗೂ ಕೀಲಿಗೊಂಚಲಿಗೂ ನಡುವೆ ಎಲ್ಲೋ ಹುದುಗಿರುತ್ತದೆ. ಅರ್ಹತೆಯ ಕಡೆಗೆ ಬಂದರೆ, ನೋಡುವ ಶಕ್ತಿಯನ್ನು ಅಳೆಯುವುದು ಕಣ್ಣಿನ ಡಾಕ್ಟರ ಅಕ್ಷರದ ಚಾರ್ಟು ಮಾತ್ರ.

ಇಲ್ಲಿ ಪದಗಳ ಒಂದು ಗೋಜಲು ಬಿಡಿಸಬೇಕು. ಕನ್ನಡದಲ್ಲಿ ನಾವು ಎಲ್ಲಕ್ಕೂ ‘ಜೈಲು’ ಅನ್ನುತ್ತೇವೆ. ಅಮೆರಿಕದಲ್ಲಿ ಶಿಕ್ಷೆಯಾದವರು ವರ್ಷಗಟ್ಟಲೆ ಕಳೆಯುವ ರಾಜ್ಯದ ‘ಪ್ರಿಸನ್’ ಬೇರೆ, ಕೌಂಟಿಯ ‘ಜೈಲ್’ ಬೇರೆ. ಎರಡನೆಯದನ್ನು ಸಾಮಾನ್ಯವಾಗಿ ಜನರೇ ವೋಟು ಹಾಕಿ ಆರಿಸುವ ಶೆರಿಫ್ ನಡೆಸುತ್ತಾನೆ. ನಿನ್ನೆ ರಾತ್ರಿ ಹಿಡಿದು ತಂದವರು, ಜಾಮೀನಿಗೆ ದುಡ್ಡಿಲ್ಲದವರು, ಕೆಲವು ತಿಂಗಳ ಸಣ್ಣ ಶಿಕ್ಷೆಯವರು ಅಲ್ಲಿರುತ್ತಾರೆ. ಹುದ್ದೆಯ ಹೆಸರಿನಲ್ಲೂ ತಮಾಷೆ ಇದೆ. ನಮ್ಮಲ್ಲಿ ಜೈಲರ್ ಎಂದರೆ ಅಧಿಕಾರಿ, ಅವನ ಕೈಕೆಳಗೆ ವಾರ್ಡರ್. ಟೆಕ್ಸಸ್ ಕಾನೂನಿನಲ್ಲಿ ‘ಕೌಂಟಿ ಜೈಲರ್’ ಎಂದರೆ ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಿಂತ ಕಾವಲಿನವನು. ‘ವಾರ್ಡನ್’ ಎಂದರೆ ಅಲ್ಲಿ ಇಡೀ ಪ್ರಿಸನ್ನಿನ ಮುಖ್ಯಸ್ಥ.

2022ರ ಮಧ್ಯದಲ್ಲಿ ಅಮೆರಿಕದ ಸ್ಥಳೀಯ ಜೈಲುಗಳಲ್ಲಿ ಸುಮಾರು 6 ಲಕ್ಷ 63 ಸಾವಿರ ಜನರಿದ್ದರು. ಅದರ ಹಿಂದಿನ ಒಂದು ವರ್ಷದಲ್ಲಿ ಆ ಬಾಗಿಲುಗಳು ಒಳಗೆ ಸೇರಿಸಿಕೊಂಡ ಲೆಕ್ಕ ಮಾತ್ರ 70 ಲಕ್ಷವನ್ನು ಮೀರುತ್ತದೆ. ಒಬ್ಬನೇ ಎರಡು ಸಲ ಬಂದರೆ ಎರಡು. ಹತ್ತರಲ್ಲಿ ಏಳು ಮಂದಿಗೆ ಇನ್ನೂ ತೀರ್ಪೇ ಆಗಿಲ್ಲ. ತೀರ್ಪಿಲ್ಲದವರನ್ನು ಶಿಕ್ಷಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1979ರಲ್ಲೇ ಬೆಲ್ ಮತ್ತು ವುಲ್ಫಿಶ್ ಪ್ರಕರಣದಲ್ಲಿ ಹೇಳಿತು. ಅಂದಮೇಲೆ ಜೈಲರ್‌ನ ಕೈಗೆ ಒಪ್ಪಿಸಿರುವುದು ಬಹುಮಟ್ಟಿಗೆ, ಕಾನೂನಿನ ಕಣ್ಣಲ್ಲಿ ಇನ್ನೂ ನಿರಪರಾಧಿಗಳಾದ, ಬದುಕಿನ ಅತಿ ಕೆಟ್ಟ ರಾತ್ರಿಯನ್ನು ಕಳೆಯುತ್ತಿರುವ ಜನರನ್ನು. ಮತ್ತಿನಲ್ಲಿರುವವರು, ಮತ್ತು ಇಳಿಯುತ್ತ ನಡುಗುವವರು, ಮಾತ್ರೆ ತಪ್ಪಿದ ಮನೋರೋಗಿಗಳು. ಸ್ಥಳೀಯ ಜೈಲುಗಳಲ್ಲಿ ಸಾವಿಗೆ ಬಿಡಿಬಿಡಿಯಾಗಿ ಕಾರಣ ಹುಡುಕಿದರೆ ಆತ್ಮಹತ್ಯೆಯೇ ವರ್ಷಗಳ ಕಾಲ ಎಲ್ಲಕ್ಕಿಂತ ಮೇಲಿದೆ.

ಟೆಕ್ಸಸ್ಸನ್ನೇ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅಲ್ಲಿ ನಿಯಮಗಳು ಕಾಗದದ ಮೇಲೆ ಚೆನ್ನಾಗಿವೆ. 254 ಕೌಂಟಿಗಳ ಆ ರಾಜ್ಯದಲ್ಲಿ ಜೈಲುಗಳ ಗುಣಮಟ್ಟ ಕಾಯಲು 1975ರಿಂದ ಒಂದು ಆಯೋಗವೇ ಇದೆ. ಅದರ ಲೆಕ್ಕದಲ್ಲಿ 48 ಕೈದಿಗಳಿಗೆ ಕನಿಷ್ಠ ಒಬ್ಬ ಜೈಲರ್. 60 ನಿಮಿಷಕ್ಕೊಮ್ಮೆಯಾದರೂ ಪ್ರತಿಯೊಬ್ಬರನ್ನೂ ಮುಖಾಮುಖಿ ನೋಡಬೇಕು. ಹಿಂಸೆಗೆ ಇಳಿಯುವವರು, ಮನೋರೋಗಿಗಳು, ಆತ್ಮಹತ್ಯೆಯ ಅಪಾಯ ಇರುವವರು ಇರುವಲ್ಲಿ 30 ನಿಮಿಷಕ್ಕೊಮ್ಮೆ. ಭಾಗಾಕಾರ ಮಾಡಿ ನೋಡಿ: ಬೇರೆ ಯಾವ ಕೆಲಸವನ್ನೂ ಮುಟ್ಟದೆ ಸುತ್ತುತ್ತಲೇ ಇದ್ದರೆ ಒಬ್ಬರ ಪಾಲಿಗೆ 75 ಸೆಕೆಂಡು. ಬೇರೆ ಕೆಲಸ ಇಲ್ಲದ ಪಾಳಿ ಯಾವ ಜೈಲಿನಲ್ಲಿದೆ?

2015ರ ಜುಲೈ 10ರಂದು ಲೇನ್ ಬದಲಿಸುವಾಗ ಸಿಗ್ನಲ್ ಹಾಕಲಿಲ್ಲ ಎಂದು ರಾಜ್ಯದ ಪೊಲೀಸ್ ಒಬ್ಬ ಸ್ಯಾಂಡ್ರಾ ಬ್ಲ್ಯಾಂಡ್ ಎಂಬ 28 ವರ್ಷದ ಕಪ್ಪು ಹೆಣ್ಣುಮಗಳ ಕಾರು ನಿಲ್ಲಿಸಿದ. ಮಾತಿಗೆ ಮಾತು ಬೆಳೆದು ಬಂಧನವಾಯಿತು. ಜಾಮೀನು 5,000 ಡಾಲರ್, ಹೊರಬರಲು ಕೈಯಿಂದ ಹಾಕಬೇಕಿದ್ದದ್ದು ಸುಮಾರು 500. ಅಷ್ಟು ಹೊಂದುವಷ್ಟರಲ್ಲಿ ವಾಲರ್ ಕೌಂಟಿ ಜೈಲಿನಲ್ಲಿ ಮೂರು ದಿನ. 13ರ ಬೆಳಿಗ್ಗೆ ಆಕೆ ಕೋಣೆಯಲ್ಲಿ ಸತ್ತಿದ್ದಳು. ಆತ್ಮಹತ್ಯೆ ಎಂದು ಮರಣೋತ್ತರ ವರದಿ ಹೇಳಿತು. ಒಳಸೇರಿಸಿಕೊಳ್ಳುವಾಗ ತುಂಬಿದ ಕಾಗದದಲ್ಲಿ ಹಿಂದೊಮ್ಮೆ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದ ವಿಷಯ ದಾಖಲಾಗಿತ್ತು. ಆದರೂ ವಿಶೇಷ ನಿಗಾ ಇರಲಿಲ್ಲ. ಗಂಟೆಗೊಮ್ಮೆ ಮುಖಾಮುಖಿ ನೋಡಿಲ್ಲ, ಅಪಾಯದಲ್ಲಿರುವವರನ್ನು ಕುರಿತ ತರಬೇತಿ ಆಗಿದೆ ಎಂಬುದಕ್ಕೆ ದಾಖಲೆ ಇಲ್ಲ ಎಂದು ಆಯೋಗ ಆ ಜೈಲಿಗೆ ನೋಟಿಸು ಕೊಟ್ಟಿತು. ಸಿಬ್ಬಂದಿ ಕೋಣೆಯ ತನಕ ಹೋಗದೆ ಇಂಟರ್‌ಕಾಮ್‌ನಲ್ಲಿ ವಿಚಾರಿಸಿದ್ದೂ ಹೊರಬಂತು.

ನನ್ನನ್ನು ಕಾಡುವುದು ಈ ಇಂಟರ್‌ಕಾಮ್. ಅದನ್ನು ಬರೀ ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಹುದ್ದೆಯನ್ನು ಬಣ್ಣಿಸಿರುವ ರೀತಿಯೇ ಅಂಥದ್ದು. ‘ಕೈದಿಗಳ ಇರುವಿಕೆ ಖಚಿತಪಡಿಸಿಕೊಳ್ಳಬೇಕು’ ಎಂದರೆ, ದನಿ ಬಂದರೆ ಇರುವಿಕೆ ಖಚಿತವಾಯಿತಲ್ಲ. ಆ ದನಿಯಲ್ಲಿ ಏನಿದೆ ಎಂದು ಕೇಳುವುದು ಯಾರ ಕೆಲಸ ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ.

ಒಳಸೇರಿಸಿಕೊಳ್ಳುವ ಕೌಂಟರನ್ನು ಸ್ವಲ್ಪ ಕಲ್ಪಿಸಿಕೊಳ್ಳಿ, ಈ ವೃತ್ತಿಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲೇ. ಬೆಲ್ಟು, ಶೂ ಲೇಸು, ಉಂಗುರ, ಮೊಬೈಲು ಬಿಚ್ಚಿಸಿ ಚೀಲಕ್ಕೆ ಹಾಕಿ ಸಹಿ ಪಡೆದಾಗಿದೆ. ಫೋಟೊ, ಬೆರಳಚ್ಚು ಮುಗಿದಿವೆ. ಪಕ್ಕದಲ್ಲಿ ಯಾರೋ ಅರಚುತ್ತಿದ್ದಾನೆ, ಹಿಂದೆ ಇನ್ನೂ ನಾಲ್ವರು ಕಾಯುತ್ತಿದ್ದಾರೆ. ಆಗ ಸಮವಸ್ತ್ರದ ಜೈಲರ್ ಫಾರಂ ನೋಡಿಕೊಂಡು ಕೇಳುತ್ತಾನೆ: ಸಾಯಬೇಕು ಅನಿಸುತ್ತಿದೆಯಾ? ಹೌದು, ಇಲ್ಲ. ಹಿಂದೆ ಪ್ರಯತ್ನಪಟ್ಟಿದ್ದೀರಾ? ಹೌದು, ಇಲ್ಲ. ಅರ್ಧ ಗಂಟೆಯ ಹಿಂದಷ್ಟೇ ತನ್ನ ಮೈ ತಡಕಿದ ಕೈಗೆ ಯಾರು ಮನಸ್ಸು ಬಿಚ್ಚಿ ಕೊಡುತ್ತಾರೆ? ‘ಇಲ್ಲ’ ಎಂಬ ಉತ್ತರ ಎಷ್ಟು ಬೇಗ ಬಂತು, ಕಣ್ಣು ಎತ್ತ ಹೋಯಿತು ಎಂದು ಗಮನಿಸಬಲ್ಲವನಿಗೆ ಆ ಫಾರಂ ಒಂದು ನೆಪ. ಗಮನಿಸಲಾರದವನಿಗೆ ಅದು ಗುರುತು ಹಾಕಬೇಕಾದ ಚೌಕಗಳು. ಜಾಹೀರಾತಿನ ಅರ್ಹತೆಗಳು ಈ ಇಬ್ಬರಲ್ಲಿ ಯಾರು ಬೇಕು ಎಂದು ಹೇಳುವುದಿಲ್ಲ. ಟೆಕ್ಸಸ್‌ನಲ್ಲಿ ಇನ್ನೊಂದು ಅನುಕೂಲವೂ ಇದೆ: ತಾತ್ಕಾಲಿಕ ಪರವಾನಗಿಯ ಮೇಲೆ ಮೊದಲು ಕೆಲಸಕ್ಕೆ ಸೇರಿ, ಮೂಲ ತರಬೇತಿಯನ್ನು ಒಂದು ವರ್ಷದೊಳಗೆ ಮುಗಿಸಿದರೆ ಆಯಿತು. ಆ ಕೌಂಟರಿನ ಹಿಂದೆ ನಿಂತವನು ಪಾಠಕ್ಕೆ ಮುಂಚೆಯೇ ಪರೀಕ್ಷೆಗೆ ಕುಳಿತಿರಬಹುದು.

ಬ್ಲ್ಯಾಂಡ್ ಹೆಸರಿನ ಕಾಯ್ದೆ 2017ರಲ್ಲಿ ಬಂತು. ಅದರಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಜೈಲರ್‌ಗಳಿಗೆ ಮಾನಸಿಕ ಆರೋಗ್ಯದ ಬಗ್ಗೆ 8 ಗಂಟೆಯ ತರಬೇತಿ ಕಡ್ಡಾಯ. ಜೈಲಿನ ಸಾವಿನ ತನಿಖೆ ಹೊರಗಿನವರಿಂದ. ದಿನದ 24 ಗಂಟೆಯೂ ಫೋನಿನಲ್ಲೋ ವಿಡಿಯೊದಲ್ಲೋ ಮಾನಸಿಕ ತಜ್ಞರು ಸಿಗಬೇಕು. ಇಷ್ಟಕ್ಕೆ ನನ್ನ ಮೆಚ್ಚುಗೆ ಇದೆ. ಜೊತೆಗೆ, ಅಪಾಯದಲ್ಲಿರುವವರ ಕೋಣೆಗಳಿಗೆ ಸಿಬ್ಬಂದಿ ಹೊತ್ತಿಗೆ ಸರಿಯಾಗಿ ಹೋದರೇ ಎಂದು ದಾಖಲಿಸುವ ಎಲೆಕ್ಟ್ರಾನಿಕ್ ಸಾಧನಗಳನ್ನೂ ಕಾಯ್ದೆ ಕೇಳಿತು. ಇಂಥ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಗೋಡೆಯ ಮೇಲಿನ ಗುಂಡಿಗೆ ಕೈಯಲ್ಲಿರುವ ಸಾಧನ ತಾಗಿಸಿದರೆ ಸಮಯ ತಾನೇ ದಾಖಲಾಗುತ್ತದೆ. ಕೂತಲ್ಲೇ ಕೂತು ಪುಸ್ತಕದಲ್ಲಿ ಸುತ್ತು ಬರೆಯುವ ಹಳೆಯ ಚಾಳಿಗೆ ಇದು ಕಡಿವಾಣ, ಸಂಶಯವಿಲ್ಲ. ನಮ್ಮ ಬಡಾವಣೆಗಳಲ್ಲಿ ಗೂರ್ಖಾ ಲಾಠಿ ಕುಟ್ಟಿ ಸೀಟಿ ಊದಿಕೊಂಡು ಹೋಗುತ್ತಿದ್ದ ನೆನಪು ಕೆಲವರಿಗಾದರೂ ಇರಬೇಕು. ಸದ್ದು ಕೇಳಿದರೆ ಅವನು ಬಂದಿದ್ದ ಎಂದು ಸಮಾಧಾನ. ಯಾರ ಮನೆ ಬಾಗಿಲು ತೆರೆದಿತ್ತೆಂದು ನೋಡಿದನೋ ಇಲ್ಲವೋ, ಅದು ಸೀಟಿಗೆ ಗೊತ್ತಿಲ್ಲ. ಗೋಡೆಯ ಗುಂಡಿಯೂ ಅಷ್ಟೇ ಹೇಳಬಲ್ಲದು. ಯಾರೂ ಹೋಗಲೇ ಇಲ್ಲ ಎಂಬ ದೋಷಕ್ಕೆ ಕಾಯ್ದೆ ಮದ್ದು ಕೊಟ್ಟಿದೆ. ಹೋದವನು ನೋಡಲಿಲ್ಲ ಎಂಬುದಕ್ಕೆ ಇರುವುದು ಆ 8 ಗಂಟೆಗಳು.

ಯಾಕೆ ಹೀಗೆ ಎಂದರೆ, ಜೈಲಿನ ಕೆಲಸವನ್ನು ಶೆರಿಫ್ ಇಲಾಖೆಗಳೇ ಒಂದು ವೃತ್ತಿಯೆಂದು ಬಗೆದದ್ದು ಕಡಿಮೆ. ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಹೊಸ ಡೆಪ್ಯುಟಿಗಳು ಗಸ್ತಿಗೆ ಹೋಗುವ ಮುನ್ನ ವರ್ಷಗಟ್ಟಲೆ ಜೈಲಿನಲ್ಲಿ ದುಡಿಯುವುದು ವಾಡಿಕೆ. ಬೀದಿಯ ‘ನಿಜವಾದ’ ಪೊಲೀಸ್ ಕೆಲಸಕ್ಕೆ ಸರದಿ ಬರುವ ತನಕ ಕಾಯುವ ಬೆಂಚು ಅದು. ಅಲ್ಲಿನ ಜೈಲುಗಳಲ್ಲಿ ಕೈದಿಗಳನ್ನು ಥಳಿಸಿದ ದೂರುಗಳು ಮಿತಿಮೀರಿದಾಗ ನೇಮಿಸಿದ ನಾಗರಿಕ ಆಯೋಗ 2012ರ ವರದಿಯಲ್ಲಿ, ಜೈಲಿನಲ್ಲೇ ಉಳಿದು ಬಡ್ತಿ ಪಡೆಯಬಯಸುವವರಿಗೆ ಪ್ರತ್ಯೇಕ ದಾರಿ ಮಾಡಿಕೊಡಿ ಎಂದು ಹೇಳಿತು. ಶೆರಿಫ್ ಲೀ ಬಾಕಾ 2014ರಲ್ಲಿ ಹುದ್ದೆ ಬಿಟ್ಟ. ಜೈಲುಗಳ ಕುರಿತ ಫೆಡರಲ್ ತನಿಖೆಗೆ ಅಡ್ಡಿಪಡಿಸಿದ್ದಕ್ಕೆ ಅವನಿಗೇ 2017ರಲ್ಲಿ ಮೂರು ವರ್ಷದ ಶಿಕ್ಷೆಯಾಯಿತು. ಕಾಯುವ ಬೆಂಚಿನ ಮೇಲೆ ಕೂತವನ ಕಣ್ಣು ಯಾವಾಗಲೂ ಹೊರಬಾಗಿಲ ಮೇಲೇ ಇರುತ್ತದೆ.

ಬೇರೆ ರೀತಿ ಸಾಧ್ಯ ಎಂಬುದಕ್ಕೆ ಅದೇ ರಾಜ್ಯದಲ್ಲಿ ಹಳೆಯ ಉದಾಹರಣೆ ಇದೆ. ಕಾಂಟ್ರಾ ಕೋಸ್ಟಾ ಕೌಂಟಿ 1981ರಲ್ಲಿ ಮಾರ್ಟಿನೆಜ್ ಊರಿನಲ್ಲಿ ಒಂದು ಜೈಲು ತೆರೆಯಿತು. ಹಳೆಯ ಮಾದರಿಯ ಉದ್ದ ಕಾರಿಡಾರು, ಸಾಲು ಕಂಬಿಗಳನ್ನು ಕೈಬಿಟ್ಟು, ನಡುವಿನ ಹಜಾರದ ಸುತ್ತ ಕೋಣೆಗಳನ್ನು ಕಟ್ಟಿದರು. ಅಧಿಕಾರಿಯ ಮೇಜನ್ನು ಗಾಜಿನ ಗೂಡಿನೊಳಗೆ ಇಡದೆ ಆ ಹಜಾರದಲ್ಲೇ, ಕೈದಿಗಳ ನಡುವೆ ಇಟ್ಟರು. ಒಬ್ಬನೇ ಮನುಷ್ಯ, ಸುತ್ತ ಹತ್ತಾರು ಕೈದಿಗಳು, ಮಧ್ಯೆ ಕಂಬಿ ಇಲ್ಲ. ಹುಚ್ಚುತನ ಎಂದು ತಲೆ ಅಲ್ಲಾಡಿಸಿದವರಿದ್ದರು. ಆದರೆ ಹಾಗೆ ಕೂತವನಿಗೆ ತೋಳ್ಬಲ ಹೆಚ್ಚು ಉಪಯೋಗಕ್ಕೆ ಬಾರದು. ಇಂದು ಯಾರು ಊಟ ಬಿಟ್ಟ, ಫೋನಿಟ್ಟು ಬಂದ ಮೇಲೆ ಯಾರು ಗೋಡೆಗೆ ಮುಖ ಮಾಡಿ ಮಲಗಿದ ಎಂದು ತಿಳಿಯುವುದರ ಮೇಲೆ ಅವನ ಪಾಳಿ ನಿಂತಿರುತ್ತದೆ. ಅಲ್ಲಿ ಕಟ್ಟಡವೇ ಅರ್ಹತೆಯನ್ನು ಬದಲಿಸಿತು. ಈ ಪದ್ಧತಿ ಆಮೇಲೆ ಹಲವು ಕೌಂಟಿಗಳಿಗೆ ಹಬ್ಬಿತು. ಆದರೆ ಕಟ್ಟಡವನ್ನು ನಕಲು ಮಾಡಿ, ಸಿಬ್ಬಂದಿ ಸಾಲದೆ ಒಬ್ಬನಿಗೆ ಎರಡು ಹಜಾರ ವಹಿಸಿದಲ್ಲಿ ಆ ಮೇಜಿಗೆ ಅರ್ಥವಿಲ್ಲ.

ಜೈಲರ್‌ನ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯ. ಸಂಬಳ ಕಡಿಮೆ, 12 ಗಂಟೆಯ ಪಾಳಿ, ಬದಲಿಯವನು ಬಾರದಿದ್ದರೆ ಮನೆಗೆ ಹೋಗುವಂತಿಲ್ಲ. ಜೈಲಿಗೆ ದುಡ್ಡು ಸುರಿದು ವೋಟು ಗೆದ್ದ ಶೆರಿಫ್ ಅಪರೂಪ, ಹಾಗಾಗಿ ಬಜೆಟ್ಟಿನಲ್ಲಿ ಅದಕ್ಕೆ ಉಳಿದದ್ದು. ಹದಿನೆಂಟು ತುಂಬಿದವರನ್ನು ಮೊದಲು ಸೇರಿಸಿಕೊಂಡು ಪಾಠವನ್ನು ಆಮೇಲೆ ಹೇಳುವುದೂ ಈ ಕೊರತೆಯ ಕೂಸೇ. ಅರ್ಹತೆಯ ಪಟ್ಟಿಯನ್ನು ಉದ್ದ ಮಾಡಿದರೆ ಅರ್ಜಿಗಳು ಇನ್ನೂ ಕಡಿಮೆಯಾಗುತ್ತವೆ ಎಂದು ಶೆರಿಫ್‌ಗಳು ಹೇಳಿದರೆ ಅದರಲ್ಲಿ ಹುರುಳಿದೆ. ಪಟ್ಟಿ ಉದ್ದವಾಗಬೇಕಿಲ್ಲ. 48ರ ಲೆಕ್ಕವನ್ನು ಇಳಿಸಿ, ಪಾಠವನ್ನು ಮೊದಲಿಗೆ ತಂದು, ಸೇರಬಯಸುವವರನ್ನು ಒಂದು ರಾತ್ರಿ ಆ ಕೌಂಟರಿನ ಪಕ್ಕ ಕೂರಿಸಿ, ಬೆಳಿಗ್ಗೆ ‘ಏನು ನೋಡಿದಿ?’ ಎಂದು ಕೇಳಿದರೆ ಮನಶ್ಶಾಸ್ತ್ರಜ್ಞರ ಪ್ರಶ್ನೆಪತ್ರಿಕೆಗಿಂತ ಹೆಚ್ಚು ತಿಳಿದೀತು.

ಎಣಿಕೆಯ ಬಗ್ಗೆ ಅಲ್ಲಿನ ಹಳೆಯ ಕಾವಲಿನವರು ಹೊಸಬರಿಗೆ ಹೇಳಿಕೊಡುವ ಒಂದು ನಿಯಮವಿದೆ: ಹೊದಿಕೆಯನ್ನು ಎಣಿಸಬೇಡ, ಉಸಿರಾಡುವ ಮೈಯನ್ನು ಎಣಿಸು. ಆದ್ದರಿಂದ ನಡುರಾತ್ರಿ ಟಾರ್ಚನ್ನು ಕಣ್ಣಿಗೆ ಬೀಳದಂತೆ ಪಕ್ಕಕ್ಕೆ ಹಿಡಿದು, ಬಾಗಿಲ ಸಣ್ಣ ಗಾಜಿನ ಆಚೆ ಕಂಬಳಿ ಏಳುತ್ತದೆಯೇ ಎಂದು ಕಾಯಬೇಕು. ಕೆಲವರದು ನಿಧಾನದ ಉಸಿರು, ಎರಡು ಮೂರು ಸಲ ನೋಡಬೇಕಾಗುತ್ತದೆ. ಹಾಗೆ ನಿಂತವನ ಹಿಂದೆ ಇನ್ನೂ 47 ಮಂದಿ ಇರುತ್ತಾರೆ, ಗೋಡೆಯ ಗುಂಡಿ ಆಗಲೇ ಹೊತ್ತನ್ನು ಬರೆದುಕೊಂಡಿರುತ್ತದೆ.