ಪುದುಪೇಟೆಯ ಸುತ್ತಿಗೆ

ತುಕ್ಕು ಹಿಡಿದ ಹಳೆಯ ಅಮೆರಿಕನ್ ಕಾರನ್ನು ಚೆನ್ನೈನಲ್ಲಿ ಮಾರುವವರು ದಯವಿಟ್ಟು ಅದಕ್ಕೆ ಹೊಸ ಬಣ್ಣ ಹೊಡೆಸಬಾರದು. ಕಡಲ ಉಪ್ಪುಗಾಳಿ ತಗಡನ್ನು ಎಲ್ಲೆಲ್ಲಿ ತಿಂದಿದೆ ಎಂಬುದು ಕೊಳ್ಳುವವರ ಕಣ್ಣಿಗೆ ಬೀಳಲಿ.

ಅಮೆರಿಕನ್ ಕಾರುಗಳಲ್ಲಿ ದೈತ್ಯರೂ ಇದ್ದರು: 1964ರ ಪಾಂಟಿಯಾಕ್ ಜಿಟಿಒದ್ದು 6.4 ಲೀಟರಿನ ವಿ8 ಎಂಜಿನ್. ಆಗಿನ ನಮ್ಮ ಅಂಬಾಸಿಡರಿನದು ಬರೀ 1.5 ಲೀಟರ್. ಅಂಥ ದೈತ್ಯರು ಇಲ್ಲಿಗೆ ಬಂದದ್ದು ತೀರಾ ಅಪರೂಪ. ಹಳೆಯ ಮದರಾಸಿನ ಸಿರಿವಂತರು ಓಡಿಸಿದ್ದು ಡಾಡ್ಜ್, ಪ್ಲಿಮತ್, ಷೆವರ್ಲೆಗಳನ್ನು. ಅವುಗಳ ಮಡ್‌ಗಾರ್ಡಿನ ಉಬ್ಬು, ಕ್ರೋಮ್ ಗ್ರಿಲ್ಲಿನ ಗತ್ತು ಈಗಲೂ ಮನಸ್ಸು ಕದಿಯುತ್ತವೆ.

ಅವಕ್ಕೆ ಮರುಜೀವ ಕೊಡಬಲ್ಲ ಕೈಗಳು ಈ ಊರಲ್ಲಿವೆ. ಹಳೆಯ ಬಿಡಿಭಾಗಗಳ ಪೇಟೆ ಪುದುಪೇಟೆಗೆ ಹೋಗಿ ನೋಡಿ. ಒಳ್ಳೆಯ ಟಿಂಕರ್ ಪುಟ್ಟಿ ಮೆತ್ತುವುದಿಲ್ಲ. ಕೊಳೆತ ಭಾಗ ಕತ್ತರಿಸಿ, ಹೊಸ ತಗಡು ಬೆಸೆದು, ಒಳಗೆ ಡಾಲಿ ಎಂಬ ಲೋಹದ ಗಟ್ಟಿ ಆನಿಸಿ ಹೊರಗಿನಿಂದ ಸುತ್ತಿಗೆಯಲ್ಲಿ ಸಣ್ಣಗೆ ಬಡಿಯುತ್ತಾನೆ. ಏರುತಗ್ಗನ್ನು ಅವನ ಅಂಗೈ ಓದುತ್ತದೆ. ಎಷ್ಟು ಹೊಗಳಿದರೂ ಸಾಲದ ವಿದ್ಯೆಯಿದು.

ಕಾಗದಪತ್ರವೂ ಕಾರಿನಷ್ಟೇ ಮುಖ್ಯ. 2021ರ ಕೇಂದ್ರ ನಿಯಮದ ಪ್ರಕಾರ, 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಕಾರಿಗೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಹಾಗಾಗಿ ಮಾರುವಾಗ ಕಳಚಿಟ್ಟ ಹಿಡಿಕೆ, ಒಡೆದ ಮೀಟರು, ಹಳೆಯ ಆರ್‌ಸಿ ಎಲ್ಲವನ್ನೂ ಕಾರಿನ ಜೊತೆಗೇ ಕೊಡಬೇಕು.