ಒಂದೇ ಕೀಲಿಕೈ, ಎರಡು ಬೀಗ, ಮತ್ತೊಂದು ಕಿಂಡಿ

ಈ ಪುಟದಲ್ಲಿ ನಾಟಕದ್ದೋ ಪುಸ್ತಕದ್ದೋ ವಿಮರ್ಶೆ ಬರುವುದು ವಾಡಿಕೆ. ಈ ಸಲ ಬೇರೆಯದೇ ಒಂದು ವಸ್ತುವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಇದಕ್ಕೆ ಪಾತ್ರಧಾರಿಗಳೂ ನಾವೇ, ಪ್ರೇಕ್ಷಕರೂ ನಾವೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಂಪ್ಯೂಟರಿನ ಮುಂದೆ ಕೂತೊಡನೆ ಎದುರಾಗುವ ಬಾಗಿಲು ಅದು. ಆಫೀಸಿನ ಮೀಟಿಂಗಿಗೆ ಹೋಗಬೇಕು. ಒಂದು ಹೆಸರು, ಒಂದು ಪಾಸ್‌ವರ್ಡ್, ಆಮೇಲೆ ಫೋನಿನಲ್ಲಿ "ನೀವೇನಾ?" ಎಂಬ ಪ್ರಶ್ನೆ. ಹೌದು ಎಂದರೆ ಒಳಗೆ, ಇಲ್ಲವಾದರೆ ಹೊರಗೆ.

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳಲ್ಲಿ ನಮ್ಮವರು ಬಹಳ ಜನ ದಿನಾ ಈ ಬಾಗಿಲನ್ನು ದಾಟುತ್ತಾರೆ. ಕೆಲವರು ಅದನ್ನು ಕಟ್ಟುವ ಕೆಲಸದಲ್ಲೇ ಇದ್ದಾರೆ. ಇದನ್ನು ಬರೆಯುತ್ತಿರುವ ನಾವು ನಾಲ್ವರು. ನಮ್ಮಲ್ಲಿ ಇಬ್ಬರು ಕಟ್ಟಿದವರು, ಒಬ್ಬರು ಅದರ ಹೊರಗೆ ಸಿಕ್ಕಿಕೊಂಡವರು, ಇನ್ನೊಬ್ಬರು ಸುಮ್ಮನೆ ಬೈಯುವವರು. ಹೀಗಾಗಿ ವಿಮರ್ಶೆ ಪಕ್ಷಪಾತವಿಲ್ಲದೆ ಬಂದೀತೆಂದು ನಂಬಿದ್ದೇವೆ.

ಮೊದಲು ಈ ಏರ್ಪಾಡು ಏನೆಂದು ಹೇಳಿಬಿಡೋಣ. ಜೂಮ್, ವೆಬೆಕ್ಸ್, ಟೀಮ್ಸ್ ಯಾವುದೇ ಇರಲಿ, ಪ್ರತಿಯೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟುಕೊಳ್ಳುವ ಬದಲು ಕಂಪನಿಯ ಒಂದೇ ಗುರುತಿನಿಂದ ಎಲ್ಲಕ್ಕೂ ಹೋಗುವುದಕ್ಕೆ ಸಿಂಗಲ್ ಸೈನ್-ಆನ್ ಎನ್ನುತ್ತಾರೆ. ನೀವು ಜೂಮ್ ಬಾಗಿಲಿಗೆ ಹೋಗುತ್ತೀರಿ. ಅದು ನಿಮ್ಮನ್ನು ಕಂಪನಿಯ ಗುರುತು ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಪಾಸ್‌ವರ್ಡೂ ಫೋನಿನ ಎರಡನೇ ಹಂತವೂ ಮುಗಿದ ಮೇಲೆ "ಇವರು ನಮ್ಮವರೇ" ಎಂದು ಬರೆದು, ಮೊಹರು ಒತ್ತಿದ ಚೀಟಿಯೊಂದನ್ನು ಕೊಡುತ್ತಾರೆ. ಜೂಮ್ ಆ ಮೊಹರನ್ನು ನೋಡಿ ಒಳಗೆ ಬಿಡುತ್ತದೆ. ಆ ಚೀಟಿಯನ್ನು ಬರೆಯುವ ಒಂದು ಪದ್ಧತಿಗೆ ಸ್ಯಾಮೆಲ್ ಎಂದು ಹೆಸರು. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಮಕ್ಕಳಿಗೆ ಇದು ಹೊಸದೇನಲ್ಲ. ಇಐಡಿ ಎಂಬ ಒಂದೇ ಗುರುತು, ಅದರ ಹಿಂದೆ ಡುಯೊ ಎಂಬ ಎರಡನೇ ಹಂತ.

ಇದರಲ್ಲಿ ಮೆಚ್ಚಬೇಕಾದದ್ದು ಬೇಕಾದಷ್ಟಿದೆ. ಹತ್ತು ಪಾಸ್‌ವರ್ಡುಗಳನ್ನು ಹಳದಿ ಚೀಟಿಯ ಮೇಲೆ ಬರೆದು ಕಂಪ್ಯೂಟರಿಗೆ ಅಂಟಿಸುವ ಕಾಲ ಹೋಯಿತು. ಒಬ್ಬರು ಕೆಲಸ ಬಿಟ್ಟರೆ ಒಂದೇ ಕಡೆ ಹೆಸರು ಹೊಡೆದರೆ ಸಾಕು, ಎಲ್ಲ ಬಾಗಿಲೂ ಅವರಿಗೆ ಮುಚ್ಚುತ್ತವೆ. ಪಾಸ್‌ವರ್ಡ್ ಕದ್ದವನಿಗೆ ಫೋನ್ ಇಲ್ಲದೆ ಒಳಗೆ ಬರುವುದು ಕಷ್ಟ. ಆದ್ದರಿಂದ ಈ ಏರ್ಪಾಡು ಬೇಡ ಎನ್ನುವ ಪೈಕಿ ನಾವಲ್ಲ.

ನಮ್ಮ ತಕರಾರು ಬೇರೆ. ಇದನ್ನು ಸ್ಥಾಪಿಸುವ ಕೈಪಿಡಿಗಳೆಲ್ಲ "ಲಾಗಿನ್ ಯಶಸ್ವಿಯಾಯಿತು" ಎಂಬ ಹಸಿರು ಗುರುತು ಬಂದಲ್ಲಿಗೆ ಮುಗಿದುಹೋಗುತ್ತವೆ. ಹೆಬ್ಬಾಗಿಲು ತೆರೆಯಿತೋ ಇಲ್ಲವೋ ಎಂಬುದೊಂದೇ ಅವಕ್ಕೆ ಪರೀಕ್ಷೆ. ಚಿತ್ರದುರ್ಗದ ಕಥೆ ನಮಗೆಲ್ಲ ಗೊತ್ತು. ಏಳು ಸುತ್ತಿನ ಕೋಟೆ, ಹೈದರಾಲಿಯ ಸೈನ್ಯಕ್ಕೂ ಜಗ್ಗದ ಹೆಬ್ಬಾಗಿಲುಗಳು. ಶತ್ರು ನುಗ್ಗಿದ್ದು ಒಂದು ಕಿಂಡಿಯಲ್ಲಿ, ಅದೂ ಕಾವಲುಗಾರ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ. ಒಂದು ಕೋಟೆಯನ್ನು ಅಳೆಯಬೇಕಾದದ್ದು ಅದರ ಕಿಂಡಿಗಳಿಂದ. ಸಿಂಗಲ್ ಸೈನ್-ಆನ್ ಏರ್ಪಾಡನ್ನೂ ಅದರ ವಿನಾಯಿತಿಗಳಿಂದಲೇ ಅಳೆಯಬೇಕು ಎಂಬುದು ನಮ್ಮ ವಾದ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ಮೂರು ಊರುಗಳೂ ಒಂದೊಂದು ಪಾಠ ಹೇಳುತ್ತವೆ. ಮೂರೂ ಮೀಟಿಂಗ್ ಸಾಫ್ಟ್‌ವೇರಿನ ಕಥೆಗಳಲ್ಲ, ಆದರೆ ಬಾಗಿಲು ಕಾಯುವ ಕೆಲಸ ಎಲ್ಲ ಕಡೆಯೂ ಒಂದೇ.

ಹ್ಯೂಸ್ಟನ್ನಿನಿಂದ ಹೊರಟು ನ್ಯೂಯಾರ್ಕ್ ಬಂದರಿನವರೆಗೆ ಹೋಗುವ ಕಲೋನಿಯಲ್ ಪೈಪ್‌ಲೈನ್ ಸುಮಾರು 5,500 ಮೈಲಿಯ ಜಾಲ. ಪೂರ್ವ ಕರಾವಳಿಯ ಇಂಧನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇದರಲ್ಲೇ ಹರಿಯುತ್ತದೆ. 2021ರ ಮೇ 7ರಂದು ಕಂಪನಿ ಇಡೀ ಪೈಪ್‌ಲೈನನ್ನು ನಿಲ್ಲಿಸಬೇಕಾಯಿತು. ಅದು ಮತ್ತೆ ಹೊರಟದ್ದು 12ರಂದು. ಅಷ್ಟರಲ್ಲಿ ಆಗ್ನೇಯ ರಾಜ್ಯಗಳ ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳು ಸಾಲುಗಟ್ಟಿದ್ದವು. ಸುಮಾರು 44 ಲಕ್ಷ ಡಾಲರ್ ಒತ್ತೆಹಣವೂ ಸಂದಾಯವಾಗಿತ್ತು. ಕಳ್ಳರು ಬಂದ ದಾರಿ ಯಾವುದು? ಹೊರಗಿನಿಂದ ಕೆಲಸ ಮಾಡುವವರಿಗೆಂದು ಹಿಂದೆಂದೋ ಇಟ್ಟಿದ್ದ ಹಳೆಯ ವಿಪಿಎನ್ ಬಾಗಿಲು. ಬಳಕೆಯಲ್ಲಿ ಇರಬಾರದಾಗಿದ್ದ ಆ ಬಾಗಿಲಿಗೆ ಪಾಸ್‌ವರ್ಡ್ ಮಾತ್ರ ಇತ್ತು, ಎರಡನೇ ಹಂತ ಇರಲಿಲ್ಲ. ಕಂಪನಿಯ ಮುಖ್ಯಸ್ಥ ಜೋಸೆಫ್ ಬ್ಲೌಂಟ್ ಅದೇ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಇದನ್ನು ಒಪ್ಪಿಕೊಂಡರು. ಹೊಸ ಬಾಗಿಲು ಕಟ್ಟಿದ ದಿನವೇ ಹಳೆಯದನ್ನು ಗೋಡೆ ಕಟ್ಟಿ ಮುಚ್ಚದಿದ್ದರೆ ಹೊಸದರ ಬೀಗ ಎಷ್ಟು ಗಟ್ಟಿಯಿದ್ದರೇನು?

ಡಾಲಸ್ಸಿನ ಪಾಠ ಇನ್ನೊಂದು. 2023ರ ಮೇ 3ರಂದು ರಾಯಲ್ ಎಂಬ ಕಳ್ಳರ ಗುಂಪು ನಗರಾಡಳಿತದ ಕಂಪ್ಯೂಟರುಗಳನ್ನು ಕಟ್ಟಿಹಾಕಿತು. 911 ಕರೆಗಳ ವಿವರವನ್ನು ಕೈಯಲ್ಲಿ ಬರೆದುಕೊಳ್ಳಬೇಕಾಯಿತು, ನಗರದ ನ್ಯಾಯಾಲಯ ವಾರಗಟ್ಟಲೆ ಮುಚ್ಚಿತ್ತು. ದುರಸ್ತಿಯ ಖರ್ಚಿಗೆಂದು ನಗರಸಭೆ ಒಪ್ಪಿಗೆ ಕೊಟ್ಟದ್ದು 85 ಲಕ್ಷ ಡಾಲರಿಗೆ. ಆಮೇಲೆ ನಗರವೇ ಪ್ರಕಟಿಸಿದ ವರದಿಯ ಪ್ರಕಾರ ಕಳ್ಳರು ಒಳಗೆ ಬಂದದ್ದು ಏಪ್ರಿಲ್ 7ರಂದೇ, ಒಂದು ಸರ್ವಿಸ್ ಅಕೌಂಟಿನ ಮೂಲಕ. ಸರ್ವಿಸ್ ಅಕೌಂಟ್ ಎಂದರೆ ಮನುಷ್ಯನದ್ದಲ್ಲ. ಒಂದು ಯಂತ್ರ ಇನ್ನೊಂದು ಯಂತ್ರದ ಜೊತೆ ಮಾತಾಡಲು ಇಟ್ಟ ಹೆಸರು. ಅದಕ್ಕೆ ಜೇಬಿಲ್ಲ, ಜೇಬಿನಲ್ಲಿ ಫೋನಿಲ್ಲ. "ನೀವೇನಾ?" ಎಂದು ಯಾರನ್ನು ಕೇಳುವುದು? ಮೀಟಿಂಗ್ ಸಾಫ್ಟ್‌ವೇರಿನಲ್ಲೂ ಇಂಥವು ಇರುತ್ತವೆ. ಸಭಾಕೊಠಡಿಯ ಗೋಡೆಗೆ ಹಾಕಿದ ಪರದೆಗೊಂದು ಅಕೌಂಟ್, ರೆಕಾರ್ಡಿಂಗ್‌ಗಳನ್ನು ಎತ್ತಿಡುವುದಕ್ಕೊಂದು, ಕ್ಯಾಲೆಂಡರಿಗೊಂದು. ಮನುಷ್ಯರಿಗೆಲ್ಲ ಎರಡು ಬೀಗ ಹಾಕಿ ಇವನ್ನು ಮರೆತುಬಿಡುವುದು ಸುಲಭ.

ಮೂರನೆಯದು ಆಸ್ಟಿನ್ನಿನದು, ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿನ ಸೋಲಾರ್‌ವಿಂಡ್ಸ್ ಕಂಪನಿಯ ಓರಿಯನ್ ಎಂಬ ಸಾಫ್ಟ್‌ವೇರಿನ ಅಪ್‌ಡೇಟಿನಲ್ಲಿ ಗೂಢಚಾರರು ತಮ್ಮ ಸಂಕೇತವನ್ನು ಸೇರಿಸಿಬಿಟ್ಟಿದ್ದರು. 2020ರಲ್ಲಿ ಸುಮಾರು 18,000 ಗ್ರಾಹಕರ ವರೆಗೆ ಅದು ತಲುಪಿತು. ಅವರಲ್ಲಿ ಕೆಲವೇ ಕಡೆ ಒಳಹೊಕ್ಕ ಕಳ್ಳರು ಹುಡುಕಿದ್ದು ಪಾಸ್‌ವರ್ಡುಗಳನ್ನು ಮಾತ್ರ ಅಲ್ಲ, ಚೀಟಿಗೆ ಒತ್ತುವ ಮೊಹರನ್ನೇ. ತಹಸೀಲ್ದಾರರ ಮೊಹರೇ ಕೈಗೆ ಸಿಕ್ಕಿದರೆ ಯಾರ ಹೆಸರಿಗೆ ಬೇಕಾದರೂ ಪಹಣಿ ಬರೆದುಕೊಳ್ಳಬಹುದಲ್ಲವೇ? ಹಾಗೆ. ಎರಡನೇ ಹಂತ ಆಗಲೇ ಮುಗಿದಿದೆ ಎಂದು ಚೀಟಿಯೇ ಹೇಳುವುದರಿಂದ ಫೋನು ಗುಂಯ್ ಎನ್ನುವುದೇ ಇಲ್ಲ. ಇಂಥ ಖೋಟಾ ಚೀಟಿ ಸಾಧ್ಯ ಎಂದು 2017ರಲ್ಲೇ ತಜ್ಞರು ಎಚ್ಚರಿಸಿದ್ದರು. ಒಂದೇ ಕೀಲಿಕೈ ಮಾಡಿಕೊಂಡ ಮೇಲೆ ಆ ಕೀಲಿಕೈಯ ಅಚ್ಚು ಎಲ್ಲಿದೆ, ಯಾರು ಕಾಯುತ್ತಾರೆ ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಆದರೆ ಆ ಕಥೆಯಲ್ಲಿ ನಮಗೆ ಬಹಳ ಹಿಡಿಸಿದ ಭಾಗ ಒಂದಿದೆ. ಇಡೀ ಸಂಚು ಹೊರಬಿದ್ದದ್ದು ಹೇಗೆ ಗೊತ್ತೇ? ಫೈರ್‌ಐ ಎಂಬ ಭದ್ರತಾ ಕಂಪನಿಯಲ್ಲಿ ಒಬ್ಬ ನೌಕರರ ಹೆಸರಿಗೆ ಎರಡನೆಯ ಫೋನೊಂದು ನೋಂದಣಿಯಾಗಿರುವುದು ಕಾವಲಿನವರ ಕಣ್ಣಿಗೆ ಬಿತ್ತು. ಅವರು ಆ ನೌಕರರನ್ನೇ ಕೇಳಿದರು: ಇದು ನಿಮ್ಮದೇನಾ? ಅಲ್ಲ ಎಂದರು. ಅಲ್ಲಿಂದ ದಾರ ಎಳೆಯುತ್ತಾ ಹೋದರೆ ಆಸ್ಟಿನ್ನಿಗೆ ಬಂದು ನಿಂತಿತು. ದಿನಕ್ಕೆ ಹತ್ತು ಸಲ ಯಂತ್ರ ಕೇಳುವ "ನೀವೇನಾ?"ಗೆ ನಾವು ನೋಡದೆಯೇ ಹೌದು ಒತ್ತುತ್ತೇವೆ. 2022ರಲ್ಲಿ ಊಬರ್ ಕಂಪನಿಗೆ ಕಳ್ಳ ನುಗ್ಗಿದ್ದು ಹಾಗೆಯೇ. ಒತ್ತಿ ಒತ್ತಿ ಕೇಳಿದ, ಬೇಸತ್ತವರು ಒಮ್ಮೆ ಹೌದು ಅಂದುಬಿಟ್ಟರು. ಮೈಕ್ರೋಸಾಫ್ಟ್ 2023ರ ಮೇ ತಿಂಗಳಿಂದ ಪರದೆಯ ಮೇಲಿನ ಸಂಖ್ಯೆಯನ್ನು ಫೋನಿನಲ್ಲಿ ಒತ್ತಲೇಬೇಕೆಂದು ಮಾಡಿದ್ದು ಈ ಅಭ್ಯಾಸಕ್ಕೆ ಮದ್ದಾಗಿ. ಆದರೆ ಮನುಷ್ಯ ಮನುಷ್ಯನನ್ನು ಒಂದೇ ಸಲ ಕೇಳಿದ್ದು ಅಲ್ಲಿ ಕೆಲಸಕ್ಕೆ ಬಂತು.

ಇನ್ನು ಮೀಟಿಂಗ್ ಸಾಫ್ಟ್‌ವೇರಿಗೇ ವಿಶೇಷವಾದ ಒಂದು ಭ್ರಮೆ. ಸಿಂಗಲ್ ಸೈನ್-ಆನ್ ಹಾಕಿದೆವು, ಇನ್ನು ನಮ್ಮ ಸಭೆಗಳು ಭದ್ರ ಎಂದು ಮ್ಯಾನೇಜರುಗಳು ನೆಮ್ಮದಿಯಾಗಿರುತ್ತಾರೆ. ಅದು ಕಾಯುವುದು ಸಭೆ ಕರೆಯುವವರ ಅಕೌಂಟನ್ನು, ಸಭೆಗೆ ಬರುವವರನ್ನಲ್ಲ. ಲಾಗಿನ್ ಆದವರು ಮಾತ್ರ ಬರಬೇಕು ಎಂಬ ಆಯ್ಕೆಯನ್ನು ಬೇರೆಯಾಗಿ ಹಾಕದಿದ್ದರೆ ಲಿಂಕ್ ಮತ್ತು ಪಾಸ್‌ಕೋಡ್ ಸಿಕ್ಕಿದವರು ಯಾರಾದರೂ ಬಾಗಿಲವರೆಗೆ ಬರಬಹುದು. ಟೆಲಿಫೋನ್ ನಂಬರ್ ಒತ್ತಿ ಬರುವವರಿಗೆ ಲಾಗಿನ್ನೇ ಇಲ್ಲ. ಜೊತೆಗೆ ಕಂಪನಿಯ ಇ-ಮೇಲ್ ಇರುವವರೆಲ್ಲ ಇದೇ ಬಾಗಿಲಿನಿಂದ ಬರಬೇಕೆಂದು ಕಡ್ಡಾಯ ಮಾಡದೆ ಹೋದರೆ ಹಳೆಯ ಪಾಸ್‌ವರ್ಡಿನ ದಾರಿಯೂ ಪಕ್ಕದಲ್ಲೇ ತೆರೆದಿರುತ್ತದೆ. ಹ್ಯೂಸ್ಟನ್ ಪಾಠ ಇಲ್ಲಿಗೂ ಸಲ್ಲುತ್ತದೆ.

ಈಗ ನಮ್ಮಲ್ಲಿ ಹೊರಗೆ ಸಿಕ್ಕಿಕೊಂಡವರ ಕಥೆ. ತಾಯಿಯ ಆಪರೇಷನ್‌ಗೆಂದು ಮೈಸೂರಿಗೆ ಹೋಗಿದ್ದರು. ರಜೆ ಮುಗಿಯುತ್ತಾ ಬಂದಿತ್ತು. ಉಳಿದ ವಾರ ಅಲ್ಲಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತ್ತು. ಟೆಕ್ಸಾಸಿನ ಬೆಳಿಗ್ಗೆ ಒಂಬತ್ತು ಎಂದರೆ ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಏಳೂವರೆ, ಆಸ್ಪತ್ರೆಯಲ್ಲಿ ಊಟ ಕೊಟ್ಟು ಮುಗಿಯುವ ಹೊತ್ತು, ಅನುಕೂಲವೇ. ಆದರೆ ಸಿಟಿ ಬಸ್ಸಿನಲ್ಲಿ ಫೋನ್ ಕಳೆದುಹೋಯಿತು. ಪಾಸ್‌ವರ್ಡ್ ಬಾಯಿಪಾಠವಾಗಿತ್ತು, ಎರಡನೇ ಹಂತ ಮಾತ್ರ ಕಳ್ಳನ ಜೇಬಿನಲ್ಲಿತ್ತು. ಸಹಾಯ ಕೇಂದ್ರಕ್ಕೆ ಕರೆ ಮಾಡಿದರೆ, "ನಿಮ್ಮ ಫೋನಿಗೆ ಬಂದಿರುವ ಸಂಖ್ಯೆ ಹೇಳಿ" ಎಂದರು. ಫೋನೇ ಇಲ್ಲ ಎಂದರೆ, "ಹಾಗಾದರೆ ವಿಡಿಯೋ ಮೀಟಿಂಗಿಗೆ ಬಂದು ಮುಖ ತೋರಿಸಿ" ಎಂದರು. ಮೀಟಿಂಗಿಗೆ ಹೋಗಲಿಕ್ಕೇ ಅಲ್ಲವೇ ಇಷ್ಟೆಲ್ಲ! ಮೂರು ದಿನ ಹೀಗೇ ಹೋಯಿತು. ಮೂರು ದಿನವೂ ಇಲ್ಲಿನ ಹಾಜರಿಯಲ್ಲಿ ಅವರು ಗೈರುಹಾಜರು. ಕೆಲಸದ ಮೇಲೆ ವೀಸಾ ನಿಂತಿರುವವರಿಗೆ ಗೈರುಹಾಜರು ಎಂಬ ಪದದ ಭಾರ ಎಷ್ಟೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅತ್ತ ತಾಯಿಯ ಮಂಚದ ಪಕ್ಕ ಕೂರಲೂ ಮನಸ್ಸಿಲ್ಲ, ಇತ್ತ ಕೆಲಸವೂ ಇಲ್ಲ.

ಸಹಾಯ ಕೇಂದ್ರದವರು ಕರುಣೆ ತೋರಿ ಬಾಗಿಲು ತೆಗೆದುಬಿಡಬೇಕಿತ್ತೇ? ಅದನ್ನೂ ಹೇಳುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್ಸಿನ ಎಂಜಿಎಂ ಹೋಟೆಲುಗಳನ್ನು ಕಾಡಿದ ಗುಂಪು ಸಹಾಯ ಕೇಂದ್ರಗಳಿಗೆ ನೌಕರರ ಸೋಗಿನಲ್ಲಿ ಕರೆ ಮಾಡಿ ಮರುಳು ಮಾಡುವುದರಲ್ಲೇ ಹೆಸರಾದದ್ದು. ಹಾಗಾದರೆ ತಪ್ಪು ಆ ರಾತ್ರಿ ಫೋನ್ ಎತ್ತಿದವರದ್ದಲ್ಲ. ಫೋನ್ ಕಳೆದವರು ಏನು ಮಾಡಬೇಕು ಎಂಬುದನ್ನು ಏರ್ಪಾಡು ಕಟ್ಟಿದ ದಿನವೇ ಯೋಚಿಸದವರದ್ದು. ಕಳ್ಳನಿಗೆ ತೆರೆದಿರುವ ಕಿಂಡಿ ಎಷ್ಟು ದೊಡ್ಡ ದೋಷವೋ, ಮನೆಯವರಿಗೆ ಕಿಂಡಿಯೇ ಇಲ್ಲದಿರುವುದೂ ಅಷ್ಟೇ ದೊಡ್ಡ ದೋಷ. ಇದನ್ನು ನಾವು ನಮ್ಮಲ್ಲಿ ಕಟ್ಟಿದವರಿಬ್ಬರ ಮುಖ ನೋಡಿಕೊಂಡೇ ಬರೆಯುತ್ತಿದ್ದೇವೆ. ಅವರೂ ಒಪ್ಪಿದ್ದಾರೆ.

ಕಟ್ಟುವವರಿಗೆ ನಮ್ಮ ವಿನಂತಿ ಇಷ್ಟು. ಹಸಿರು ಗುರುತು ಬಂದ ದಿನ ಸಿಹಿ ಹಂಚಬೇಡಿ. ಹಳೆಯ ಬಾಗಿಲುಗಳ ಪಟ್ಟಿ ಮಾಡಿ ಮುಚ್ಚಿ. ಯಂತ್ರಗಳ ಅಕೌಂಟುಗಳಿಗೆ ಒಬ್ಬೊಬ್ಬ ಮನುಷ್ಯನನ್ನು ಹೊಣೆ ಮಾಡಿ. ಮೊಹರಿನ ಸರ್ಟಿಫಿಕೇಟಿಗೆ ಮುಕ್ತಾಯದ ತಾರೀಖು ಇರುತ್ತದೆ. ಮೈಕ್ರೋಸಾಫ್ಟಿನ ಎಂಟ್ರಾದಲ್ಲಿ ಹಾಗೇ ಬಿಟ್ಟರೆ ಅದು ಮೂರು ವರ್ಷ. ಆ ತಾರೀಖನ್ನು ಇಬ್ಬರ ಕ್ಯಾಲೆಂಡರಿನಲ್ಲಿ ಬರೆಯಿರಿ, ಏಕೆಂದರೆ ಅಷ್ಟರಲ್ಲಿ ಒಬ್ಬರು ಕೆಲಸ ಬದಲಾಯಿಸಿರುತ್ತಾರೆ. ಕಡೆಯದಾಗಿ, ಫೋನ್ ಕಳೆದುಕೊಂಡವರಂತೆ ನೀವೇ ಒಂದು ದಿನ ನಟಿಸಿ ನೋಡಿ. ವಾಪಸು ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೇ ನಿಮ್ಮ ಕೆಲಸಕ್ಕೆ ಅಂಕ.

ದಾಟುವವರಿಗೂ ಒಂದು ಮಾತು. ಊರಿಗೆ ಹೋಗುವ ಮುನ್ನ ಎರಡನೆಯ ಸಾಧನವೊಂದನ್ನು ನೋಂದಾಯಿಸಿಕೊಳ್ಳಿ. ಕಂಪನಿ ಒಪ್ಪಿದರೆ ಯುಎಸ್‌ಬಿ ಕೀಲಿ ಎಲ್ಲಕ್ಕಿಂತ ಒಳ್ಳೆಯದು, ಖೋಟಾ ಪುಟಗಳಿಗೆ ಅದು ಮೋಸಹೋಗುವುದಿಲ್ಲ. ಇಲ್ಲಿನ ನಂಬರಿಗೆ ಬರುವ ಎಸ್‌ಎಂಎಸ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ತುರ್ತಿಗೆ ಕೊಡುವ ಸಂಖ್ಯೆಗಳಿದ್ದರೆ ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ, ಫ್ರಿಜ್ಜಿನ ಮೇಲಲ್ಲ. ನೀವು ಕೇಳದೆ ಫೋನು "ನೀವೇನಾ?" ಎಂದರೆ ಅಲ್ಲ ಎಂದು ಒತ್ತಿ, ಒತ್ತಿದ್ದನ್ನು ಯಾರಿಗಾದರೂ ಹೇಳಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮದು. ಈಗ ಬಾಗಿಲನ್ನು ಮೊದಲೇ ಹಾಕುವುದನ್ನು ಕಲಿತಿದ್ದೇವೆ, ಸಂತೋಷ. ಕಾವಲುಗಾರ ಊಟಕ್ಕೆ ಹೋದಾಗ ಕಿಂಡಿಯ ಬಳಿ ಯಾರಿರುತ್ತಾರೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳೋಣ. ಪ್ರತಿ ಸಲವೂ ಒಂದು ಓಬವ್ವ ಸಿಗುವುದಿಲ್ಲ.